ಅವ್ವನ ಕಣ್ಣಿನ ಪಟ್ಟಿ ಬಿಚ್ಚುವ ಮೊದಲು

ಅಣ್ಣ ಇಂಗ್ಲೆಂಡಿನಿಂದ ಬಂದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ. ಅವನು ಊರು ಬಿಟ್ಟಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಅಲ್ಲಿ ನೂಲಿನ ಗಿರಣಿಯಲ್ಲಿ ದುಡಿಯುತ್ತ ಅಲ್ಲಿಯವನೇ ಆಗಿಬಿಟ್ಟಿದ್ದ. ಅವ್ವ ಚಿತ್ತಾಪುರದ ನಮ್ಮ ಮನೆಯಲ್ಲಿದ್ದಳು. ಪೊರೆ ತೆಗೆದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಅಣ್ಣ ಕಾಲು ಮುಟ್ಟಿದಾಗ ಅವನ ಮುಖವನ್ನೆಲ್ಲ ಸವರಿ, "ಮೀಸಿ ಎಲ್ಲಿ ಹೋದ್ವೋ ಯಪ್ಪಾ?" ಎಂದಳು.

"ಅಲ್ಲಿ ಥಂಡಿಗಿ ಉದುರಿದ್ವು ಯವ್ವಾ. ಪಟ್ಟಿ ಬಿಚ್ಚೋತನಕ ನಾ ಎಲ್ಲೂ ಹೋಗಂಗಿಲ್ಲ. ಮೊದಲು ನನ್ನ ಮಾರಿನೇ ನೋಡ್ಬೇಕು ನೀ."

ಅಣ್ಣನಿಗೆ ಮಾತು ಭಾಳ. ರೊಟ್ಟಿ ತಿನ್ನುತ್ತ ಹೇಳುತ್ತಿದ್ದ: "ನಮ್ಮಲ್ಲಿ ಗಿರಣಿ ಗೇಟಿನ ಮುಂದ ನಿಂತು ಪ್ರಧಾನಿಗಿ ಬೈತೀವಿ. ಪೊಲೀಸ ಬಾಜೂಕ ನಿಂತು ನಗ್ತಾನ." ನಮ್ಮಲ್ಲಿ ಎಂದರೆ ಅಲ್ಲಿ. ಅದು ನನಗೆ ಚುಚ್ಚುತ್ತಿತ್ತು.

"ಅಲ್ಲಿ ನಿನಗ ಯಾರೂ ಏನೂ ಅನ್ನಂಗಿಲ್ಲೇನು?" ಎಂದೆ ಒಮ್ಮೆ.

"ಕರಿಯ ಅಂತ ಬೈತಾರ. ಖರೆ, ತಿರುಗಿ ಬೈಲಿಕ್ಕ ನನಗೂ ಬಾಯಿ ಅದ. ಅದಕ್ಕೇ ಆ ದೇಶ ನಂದು ಅನಸ್ತದ, ತಂಗಿ. ಇಲ್ಲಿ ನೀವೆಲ್ಲಾ ಯಾಕ ಪಿಸುಪಿಸು ಮಾತಾಡ್ಲಿಕತ್ತೀರಿ?"

ನನ್ನ ಗಂಡ ಸರ್ಕಾರಿ ಕಚೇರಿಯಲ್ಲಿ ಜವಾನ. ಆಗ ನೌಕರರಿಗೆಲ್ಲ ಮಕ್ಕಳಾಗದ ಆಪರೇಷನ್ನಿನ ಒತ್ತಾಯವಿತ್ತು. ಒಂದು ಸಂಜೆ ಮುಖ ಬಾಡಿಸಿಕೊಂಡು ಬಂದರು.

"ನಿಮ್ಮಣ್ಣ ಹೋಟೆಲ್ದಾಗ ಏನಂದಾನ ಗೊತ್ತೇನು? ಅಲ್ಲಿ ಸರ್ಕಾರ ವೋಟ್ ಕೇಳ್ತದಂತ, ಇಲ್ಲಿ ಲಂಗೋಟಿ ಬಿಚ್ಚಸ್ತದಂತ! ಮಂದಿ ಬಿದ್ದು ಬಿದ್ದು ನಕ್ಕಾರ. ಸಾಹೇಬ್ರು ನನ್ನ ಕರದು, ಯಾರಪ್ಪಾ ನಿಮ್ಮ ಮನಿಗಿ ಬಂದವ ಅಂತ ಕೇಳ್ಯಾರ. ನೌಕರಿ ಹೋದ್ರ ಮಕ್ಕಳಿಗಿ ಏನ್ ತಿನ್ನಸ್ತಿ?"

ಅಣ್ಣನನ್ನು ಕಳಿಸು ಎಂದು ಅವರು ಹೇಳಲಿಲ್ಲ. ಬಾಯಿ ಹಿಡಿದು ಮಾತಾಡು ಎಂದು ನಾನೇ ಹೇಳಬಹುದಿತ್ತು. ಹೇಳಿದರೆ ನಗುತ್ತಾನೆ, ಮತ್ತೆ ಹೋಟೆಲಿಗೇ ಹೋಗುತ್ತಾನೆ ಎನಿಸಿತು. ಮರುದಿನ ಅವನು ಹೊರಗಿನಿಂದ ಬಂದು ಕಾಲು ತೊಳೆಯುವಾಗ, "ಅಣ್ಣಾ, ಪೊಲೀಸ್ರು ಬಂದಿದ್ರು. ನಿನ್ನ ಹೆಸರು ಬರಕೊಂಡು ಹೋಗ್ಯಾರ," ಎಂದೆ.

ಯಾರೂ ಬಂದಿರಲಿಲ್ಲ.

ತಂಬಿಗೆ ಹಿಡಿದುಕೊಂಡು ಹಾಗೇ ನಿಂತ. "ಪಟ್ಟಿ ಬಿಚ್ಚಲಿಕ್ಕ ಇನ್ನ ಎರಡೇ ದಿನ ಅದಾವಲ್ಲ ತಂಗಿ," ಎಂದ. ನಾನು ಹಗ್ಗದ ಮೇಲಿದ್ದ ಅವನ ಅಂಗಿ ತೆಗೆದು ಮಡಚತೊಡಗಿದೆ. ಅವನಿಗೆ ಅಷ್ಟು ಸಾಕಾಯಿತು. "ನನ್ನಿಂದ ನಿಮಗ ತ್ರಾಸ ಬ್ಯಾಡ," ಎಂದ. ಮಲಗಿದ್ದ ಅವ್ವನನ್ನು ಎಬ್ಬಿಸಲಿಲ್ಲ. ವಾಡಿ ಜಂಕ್ಷನ್ನಿಗೆ ಹೋಗಿ ಸಂಜೆಯ ರೈಲು ಹತ್ತಿದ.

ಪಟ್ಟಿ ಬಿಚ್ಚಿದ ದಿನ ಅವ್ವ ನನ್ನನ್ನು ನೋಡಿದಳು, ಮಕ್ಕಳನ್ನು ನೋಡಿದಳು, ಆಮೇಲೆ ಬಾಗಿಲ ಕಡೆ ನೋಡುತ್ತಲೇ ಇದ್ದಳು.

"ಗಿರಣಿಯವ್ರು ಕರಸ್ಯಾರ," ಎಂದೆ.

"ಎರಡು ದಿನ ನಿಲ್ಲಲಿಲ್ಲೇನು ಅವ?"

ಚುನಾವಣೆ ಬಂತು, ಸರ್ಕಾರ ಬಿತ್ತು. ಹೋಟೆಲಿನಲ್ಲಿ ಮಂದಿ ಜೋರಾಗಿ ಮಾತಾಡತೊಡಗಿದರು. ಅಣ್ಣ ಪೋಸ್ಟಾಫೀಸಿಗೆ ಟ್ರಂಕ್ ಕಾಲ್ ಮಾಡಿ ನನ್ನನ್ನು ಕರೆಸಿದ. "ನನ್ನ ಹೆಸರು ಇನ್ನೂ ಠಾಣೇದಾಗ ಅದ ಏನು? ಬರ್ಲೇನು ತಂಗಿ?"

ಹೆದರಲು ಏನೂ ಉಳಿದಿರಲಿಲ್ಲ. ಆದರೆ ಬಾ ಎಂದರೆ ಅವನು ಬಂದು ಠಾಣೆಯಲ್ಲಿ ವಿಚಾರಿಸುತ್ತಾನೆ, ನನ್ನ ಸುಳ್ಳು ತಿಳಿಯುತ್ತದೆ. "ಗೊತ್ತಿಲ್ಲಣ್ಣಾ," ಎಂದೆ.

ಅವನು ಬರಲೇ ಇಲ್ಲ. ಅಲ್ಲೇ ತೀರಿಕೊಂಡ.

ಅವ್ವನಿಗೆ ಕನ್ನಡಕ ಬಂದ ಮೇಲೆ ಸೂಜಿಗೆ ದಾರ ಪೋಣಿಸುವಷ್ಟು ಕಾಣುತ್ತಿತ್ತು. ಸಾಯುವತನಕ ಒಲೆಯ ಬಳಿ ಕುಂತು ಅದನ್ನೇ ಅನ್ನುತ್ತಿದ್ದಳು: "ಎರಡು ದಿನ ನಿಲ್ಲಲಿಲ್ಲ ಅವ." ನಾನು ರೊಟ್ಟಿ ಬಡಿಯುತ್ತಿದ್ದೆ.