ಮಸಿ ಬಳಿಯದೆ ಬಿಟ್ಟ ಲಿಂಕು

ನನ್ನ ತಮ್ಮ ಪ್ರೋಗ್ರಾಮರ್. ಹೊಟ್ಟೆಪಾಡಿಗೆ ಒಂದು ಕಂಪನಿ, ಹೊಟ್ಟೆಯುರಿಗೆ ಇನ್ನೊಂದು ಕೆಲಸ: ಜನರ ಮಾಹಿತಿಯನ್ನು ಯಾರ್‍ಯಾರು ಬೀದಿಗೆ ಚೆಲ್ಲುತ್ತಿದ್ದಾರೆಂದು ಹುಡುಕಿ ಬರೆಯುವುದು. ಅಂಗಡಿಯವನು ಫೋನ್ ನಂಬರ್ ಕೇಳಿದರೆ ಸಾಕು, ಕೊಂಡ ಸೋಪನ್ನು ಅಲ್ಲೇ ಬಿಟ್ಟು ಬರುವ ಆಸಾಮಿ. ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಗಂಡನ ಹೊಡೆತ ತಾಳದೆ ಮಗಳನ್ನು ಕಟ್ಟಿಕೊಂಡು ಓಡಿಬಂದಾಗ ನಗು ನಿಂತಿತು. ನಮ್ಮನ್ನು ಬೇರೆ ಊರಿನಲ್ಲಿ ಬಚ್ಚಿಟ್ಟವನು ಈ ತಮ್ಮನೇ. ಫೋನು, ಸಿಮ್ಮು, ಬ್ಯಾಂಕು ಎಲ್ಲ ಬದಲಾಯಿಸಿದ. ಹಳೆಯ ಫೋಟೊಗಳನ್ನು ಅಳಿಸಿಹಾಕಿದ, ಹೊಸದು ತೆಗೆಯಗೊಡಲಿಲ್ಲ. ಎರಡು ವರ್ಷ ಗಂಡನಿಗೆ ನಮ್ಮ ಸುಳಿವೇ ಸಿಗಲಿಲ್ಲ.

ಆಮೇಲೆ ಮಗಳ ಶಾಲೆಯ ವೆಬ್‌ಸೈಟಿನಲ್ಲಿ ತಮ್ಮನಿಗೆ ಒಂದು ತೂತು ಕಂಡಿತು. ಲಿಂಕಿನ ಕೊನೆಯ ಅಂಕಿ ಬದಲಿಸುತ್ತ ಹೋದರೆ ಒಂದೊಂದು ಮಗುವಿನ ಫೋಟೊ, ಮನೆ, ತರಗತಿ ಯಾರಿಗೆ ಬೇಕಾದರೂ ತೆರೆದುಕೊಳ್ಳುತ್ತಿತ್ತು. ಮೂರು ಪತ್ರ ಬರೆದ. ಶಾಲೆಯವರು ಕ್ಯಾರೇ ಅನ್ನಲಿಲ್ಲ. ತೊಂಬತ್ತು ದಿನ ಕಾದು ಲೋಕಕ್ಕೆ ಸಾರುವುದು ಈ ಕೆಲಸದವರ ಪದ್ಧತಿ. ಪುರಾವೆಗೆ ಬೇರೆಯವರ ಮಕ್ಕಳ ಪುಟ ತೋರಿಸಬಾರದು ಎಂಬುದೂ ಪದ್ಧತಿಯೇ.

"ಅಕ್ಕಾ, ಪುಟ್ಟಿ ಪುಟಾನೇ ಹಾಕ್ತೀನಿ. ಹೆಸ್ರು, ಫೋಟೊ, ಮನೆ, ಎಲ್ಲಾ ಮಸಿ ಬಳಿದಿದೀನಿ, ನೋಡು" ಅಂದ. ನೋಡಿದೆ. ಎಲ್ಲ ಕಪ್ಪೋ ಕಪ್ಪು. ಹೂಂ ಅಂದೆ.

ಪುಟದ ನೆತ್ತಿಯ ಮೇಲಿನ ಲಿಂಕನ್ನು ಮಾತ್ರ ಬಿಟ್ಟಿದ್ದ. ಅದಿಲ್ಲದಿದ್ದರೆ ಪುರಾವೆಯೇ ಅಲ್ಲವಂತೆ. ಕೆಳಗೆ ಮಹಾ ಪ್ರಾಮಾಣಿಕನ ಹಾಗೆ, ಇದು ನಮ್ಮ ಮನೆಯ ಮಗುವಿನದು, ತಾಯಿಯ ಒಪ್ಪಿಗೆಯಿದೆ ಎಂದು ಬರೆದಿದ್ದ. ಶಾಲೆಯವರು ತೂತು ಇನ್ನೂ ಮುಚ್ಚಿರಲಿಲ್ಲ. ನನ್ನ ಗಂಡ ತಮ್ಮನ ಬರಹಗಳನ್ನು ಎರಡು ವರ್ಷದಿಂದ ಒಂದಕ್ಷರ ಬಿಡದೆ ಓದುತ್ತಿದ್ದ. ಆ ಲಿಂಕನ್ನು ಹಾಗೆಯೇ ಟೈಪ್ ಮಾಡಿದ, ಮಸಿಯಿಲ್ಲದ ಪುಟ ತೆರೆದುಕೊಂಡಿತು.

ಮರುದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದ. ಗುರುತಿನ ಚೀಟಿಯಲ್ಲಿದ್ದ ಹೆಸರು ಶಾಲೆಯ ದಾಖಲೆಯಲ್ಲಿದ್ದ ಅಪ್ಪನ ಹೆಸರಿಗೆ ಸರಿಹೊಂದಿತು. ವಾಚ್‌ಮನ್ ನನ್ನ ಮಗಳ ಕೈಯನ್ನು ಅವನ ಕೈಗೆ ಕೊಟ್ಟು ಕಳಿಸಿದ. "ಅಪ್ಪ ತಾನೇ ಕರ್ಕೊಂಡ್ ಹೋಗಿರೋದು?" ಎಂದು ಪೊಲೀಸರು ಕೈತೊಳೆದುಕೊಂಡರು.

ಏಳು ತಿಂಗಳಾಯಿತು. ಇಬ್ಬರೂ ಎಲ್ಲಿದ್ದಾರೋ ಗೊತ್ತಿಲ್ಲ. ಬಚ್ಚಿಟ್ಟುಕೊಳ್ಳುವುದನ್ನು ಗಂಡನೂ ಕಲಿತಿದ್ದಾನೆ, ತಮ್ಮನ ಬರಹ ಓದಿಯೇ. ಶಾಲೆಯವರು ಮೂರನೇ ದಿನಕ್ಕೆ ತೂತು ಮುಚ್ಚಿ ತಮ್ಮನಿಗೆ ಧನ್ಯವಾದದ ಪತ್ರ ಕಳಿಸಿದರು. ತಮ್ಮ ಪ್ರತಿ ಭಾನುವಾರ ಬಂದು ಹೊಸ್ತಿಲಲ್ಲಿ ಕೂರುತ್ತಾನೆ. "ಬೈಯಾದ್ರೂ ಬೈಯಕ್ಕಾ" ಅನ್ನುತ್ತಾನೆ. ನಾನು ಬೈಯುವುದಿಲ್ಲ, ಕ್ಷಮಿಸಿಯೂ ಇಲ್ಲ.

ನನ್ನ ಹತ್ತಿರ ಮಗಳ ಫೋಟೊ ಒಂದೂ ಇಲ್ಲ. ಇದ್ದದ್ದು ಶಾಲೆಯ ಆ ಪುಟದಲ್ಲಿ. ದಿನಾ ಅದೇ ಲಿಂಕನ್ನು ಒತ್ತುತ್ತೇನೆ. ನೋಡಲು ನಿಮಗೆ ಅನುಮತಿ ಇಲ್ಲ ಎಂದು ಬರುತ್ತದೆ.