ಕಣ್ಣು ಮುಚ್ಚಿ ನಡೆದ ಮನೆ

ನನ್ನ ತಂಗಿ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಬಿಸಿ ಹಬೆಯಲ್ಲಿ ನಿಂತೂ ನಿಂತೂ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕೈ ಮಾತ್ರ ಮಡಿಕೆ ತಪ್ಪುತ್ತಿರಲಿಲ್ಲ. ಆಗೆಲ್ಲ ಅವಳು ಬಿಟ್ಟುಬಂದ ಮನೆಯೊಳಗೆ ಮನಸ್ಸಿನಲ್ಲೇ ಓಡಾಡುತ್ತಿದ್ದಳು.

"ಅಕ್ಕ, ಹಿತ್ತಿಲ ಬಾಗಿಲು ಹಾಕಿದ್ನಾ?"

"ಹಾಳಾಗಿ ಹೋಗ್ಲಿ ಆ ಬಾಗಿಲು!" ಎಂದು ಪಕ್ಕದ ಇಸ್ತ್ರಿ ಮೇಜಿನಿಂದ ಗದರುತ್ತಿದ್ದೆ. ಗಂಡನ ಕೈಲಿ ಹೊಡೆತ ತಿಂದು, ಕೆನ್ನೆ ಊದಿಸಿಕೊಂಡು ಬರಿಗಾಲಲ್ಲಿ ಬಂದವಳಿಗೆ ಬಾಗಿಲಿನ ಚಿಂತೆ ನೋಡಿ! ನಮ್ಮದೋ ಒಂದೇ ಕೋಣೆ. ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕು. ಬಾಡಿಗೆ ಮನೆ ಹುಡುಕಿ ಚಪ್ಪಲಿ ಸವೆಯಿತು. ಎಲ್ಲ ಕಡೆ ಒಂದೇ ರಾಗ: "ಯಜಮಾನ್ರು ಯಾವಾಗ ಬರ್ತಾರೆ?" ಬರದಿರಲಿ ಅಂತಲೇ ತಾನೇ ನಾವು ಮನೆ ಹುಡುಕುತ್ತಿದ್ದುದು!

ಕೊನೆಗೆ ಒಬ್ಬ ವಕೀಲೆ ಸಿಕ್ಕರು. "ಮನೆ ಅವನ ಹೆಸರಲ್ಲೇ ಇರ್ಲಿ. ನೀವು ಸಂಸಾರ ಮಾಡಿದ ಮನೆ ಅದು. ನಿಮ್ಮನ್ನ ಹೊರಗೆ ಹಾಕೋ ಹಾಗಿಲ್ಲ, ಕಾನೂನಿದೆ. ಕೋರ್ಟಲ್ಲಿ ಕೇಳಿದ್ರೆ ‘ನಾನು ಬಾಳಿದ ಮನೆ’ ಅನ್ನಿ, ಹೆದರ್ಬೇಡಿ," ಎಂದರು. ತಂಗಿ ಇಸ್ತ್ರಿ ಹಾಕುತ್ತ ಅದನ್ನೇ ಬಾಯಿಪಾಠ ಮಾಡಿದಳು.

ಕೋರ್ಟಿನಲ್ಲಿ ನ್ಯಾಯಾಧೀಶರು, "ಯಾವ ಮನೆಗೆ ಹೋಗ್ಬೇಕಮ್ಮ?" ಎಂದರು.

"ಗಂಡನ ಮನೆಗೆ, ಸ್ವಾಮಿ."

ಅಯ್ಯೋ! ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಮಾತು, ಬಾಯಿಂದ ಜಾರಿಬಿಟ್ಟಿತ್ತು. ಗಂಡನ ಕಡೆಯ ವಕೀಲ ಎದ್ದೇಬಿಟ್ಟ. "ನೋಡಿ, ಮನೆ ಗಂಡನದು ಅಂತ ಅವ್ರೇ ಒಪ್ಕೊಂಡ್ರು! ಅಲ್ಲಿ ಇದ್ದಿದ್ದೇ ನಾಲ್ಕು ದಿನ, ನೆಂಟರ ಹಾಗೆ."

ನ್ಯಾಯಾಧೀಶರು ಅವನನ್ನು ಕೂರಿಸಿ, "ಆ ಮನೆ ಹೇಗಿದೆ, ಹೇಳಮ್ಮ," ಎಂದರು.

ತಂಗಿ ಕಣ್ಣು ಮುಚ್ಚಿದಳು. ಲಾಂಡ್ರಿಯಲ್ಲಿ ನಡೆಯುತ್ತಿದ್ದಂತೆಯೇ ನಡೆದಳು.

"ಒಳಗೆ ಹೋಗ್ತಿದ್ದ ಹಾಗೇ ಒಂದು ಟೈಲ್ಸ್ ಅಲುಗತ್ತೆ. ಸದ್ದಾದ್ರೆ ಅವ್ರಿಗೆ ಎಚ್ಚರ ಆಗತ್ತೆ, ದಾಟಿ ಹೋಗ್ಬೇಕು. ಮುಂದಿನ ಕಿಟಕಿ ಗಾಜಿಗೆ ನಾನೇ ನೀಲಿ ಬಣ್ಣ ಹೊಡ್ದೆ. ಮಧ್ಯಾಹ್ನ ನೆಲ ಎಲ್ಲ ನೀಲಿ ಆಗತ್ತೆ, ಸ್ವಾಮಿ." ಕಣ್ಣು ತೆರೆಯದೆ ಮುಂದೆ ಹೋದಳು. "ಬಾತ್‌ರೂಮ್ ಚಿಲಕ ಹಾಕಕ್ಕಾಗಲ್ಲ. ಅವ್ರು ಒದ್ದು ಮುರಿದ್ರು. ನಾನು ಒಳಗಿದ್ದೆ."

ಅವಳು ಅಲ್ಲೇ ಇರಬೇಕು, ಅವನು ಮನೆ ಬಿಡಬೇಕು, ಮತ್ತೆ ಅತ್ತ ಸುಳಿಯಬಾರದು ಎಂದು ಆದೇಶವಾಯಿತು.

ಮಹಿಳಾ ಪೊಲೀಸರು ಬೀಗ ತೆಗೆಸಿಕೊಟ್ಟು ಹೋದರು. ತಂಗಿ ಹೊಸ್ತಿಲಲ್ಲೇ ನಿಂತಳು, ಒಳಗಿಂದ ಯಾರಾದರೂ ಕರೆಯಲಿ ಎನ್ನುವಂತೆ. ನನಗೆ ರೇಗಿತು, ಅಳುವೂ ಬಂತು.

"ನಿನ್ನನ್ನ ಯಾರು ಕರೀಬೇಕೇ? ನೀನು ಹೋಗಿ ನನ್ನನ್ನ ಕರಿಯೇ!"

ಹೋದಳು. ಮಧ್ಯಾಹ್ನವಾಗಿತ್ತು, ನೆಲವೆಲ್ಲ ನೀಲಿ. ಅಲುಗುವ ಟೈಲ್ಸನ್ನು ದಾಟಲು ಕಾಲೆತ್ತಿದವಳು, ಏನನ್ನಿಸಿತೋ, ಅದರ ಮೇಲೇ ಕಾಲೂರಿ ನಿಂತಳು. ಅದು ಟಕ್ಕೆಂದಿತು.

"ಬಾರೇ ಅಕ್ಕ," ಎಂದಳು, "ನಮ್ಮನೆಗೆ ಬಾ."