ಕುಲುಮೆರಾಯ ಮೀನಾಕ್ಷಿಯವನು

ಕಥೆಗಳ ಕುಲುಮೆರಾಯನನ್ನು ಹುಟ್ಟಿಸಿದವಳು ನಾನಲ್ಲ. ನೀನು, ಮೀನಾಕ್ಷಿ. ಶಿವಮೊಗ್ಗದ ಬೊಂಬೆ ಕೂರಿಸುವ ಮನೆಗಳಲ್ಲಿ ಇಷ್ಟು ವರ್ಷ ಅವನ ಜೊತೆ ನನ್ನ ಹೆಸರು ಹೇಳಿಸಿಕೊಂಡೆ. ಬೆಳಗಿನ ಜಾವ ಎದ್ದು, ಸ್ನಾನ ಮುಗಿಸಿ, ಹಾಸಿಗೆಯ ಮಡಿಕೆ ನೇರವಾಗಿದೆಯೇ ಎಂದು ಮತ್ತೆ ನೋಡುವವಳು ನಾನು. ಶಾಲೆಯಲ್ಲಿ ಡ್ರಿಲ್ ಕಲಿಸುವಾಗ ಸಾಲು ತಪ್ಪಿದ ಒಂದು ಮಗುವನ್ನೂ ಬಿಟ್ಟವಳಲ್ಲ. ಇದೊಂದನ್ನು ಮಾತ್ರ ಸರಿಪಡಿಸದೆ —

ಎರಡನೆಯ ಮಹಾಯುದ್ಧದ ವರ್ಷಗಳು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನನ್ನ ತಂದೆ ಆಫೀಸಿನಲ್ಲಿ, ನಿನ್ನಪ್ಪ ಕುಲುಮೆಯ ಬಳಿ. ಪರದೇಶದ ಇಂಜಿನಿಯರ್ ಒಬ್ಬರ ಬಂಗಲೆಯ ರದ್ದಿಯಲ್ಲಿ ನಿನಗೊಂದು ಚಿತ್ರಕಥೆಯ ಹಾಳೆ ಸಿಕ್ಕಿತ್ತು — ಆಕಾಶದಲ್ಲಿ ಹಾರುವ ಗಂಡಸು, ಬೆನ್ನಿಗೆ ಶಾಲು. ಅದರ ಇಂಗ್ಲಿಷ್ ನಮ್ಮಿಬ್ಬರಿಗೂ ತಿಳಿಯಲಿಲ್ಲ.

"ಇವನು ಅವರೂರಿಗೇ ಇರಲಿ ಕಣೇ ಸುಬ್ಬಿ. ನಮ್ಮೂರಿಗೆ ಬೇರೆಯವನು ಬೇಕು" ಎಂದೆ ನೀನು.

ಸಂಜೆಯೊಳಗೆ ಕುಲುಮೆರಾಯ ಹುಟ್ಟಿದ್ದ. ಹಾರುವವನೇ, ಆದರೆ ಕರಗಿದ ಕಬ್ಬಿಣವನ್ನು ಬೊಗಸೆಯಲ್ಲಿ ಹಿಡಿಯುವವನು. ಕೆಲಸ ಮುಗಿಸಿ ಭದ್ರಾ ನದಿಗೆ ಕಾಲು ಇಳಿಬಿಟ್ಟನೆಂದರೆ ಊರಿಗೆ ಊರೇ ಹಬೆ. ದಿನಕ್ಕೊಂದು ಕಥೆ ಕಟ್ಟಿದೆ ನೀನು. ನಾನು ಮಾಡಿದ್ದು ಇಷ್ಟೇ — ಹಳೆಯ ಬಟ್ಟೆಯಲ್ಲಿ, ಹಾಳೆಯ ಗಂಡಸಿನ ಉಡುಪನ್ನೇ ತೊಡಿಸಿ, ಅವನದೊಂದು ಬೊಂಬೆ ಹೊಲಿದೆ.

ದಸರಾ ರಜೆಗೆ ಅವನನ್ನು ಶಿವಮೊಗ್ಗಕ್ಕೆ, ಅಜ್ಜಿಯ ಮನೆಗೆ ಒಯ್ದೆ. ಅಜ್ಜಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೇನೇ, ಚಡ್ಡೀನ ಮೇಲೆ ಹಾಕ್ಕೊಂಡಿದಾನೆ? ಪೈಲ್ವಾನನಾ?"

"ಹಾರೋನು ಅಜ್ಜಿ."

"ಹಾರಲಿ. ನಾಲ್ಕು ಜನ ಹೆಂಗಸರು ಬರೋ ಮನೇಲಿ ಹೀಗೆ ನಿಲ್ಲೋದು ಬೇಡ."

ಪಂಚೆ ಉಡಿಸಿದರು. ಅಷ್ಟಕ್ಕೇ ಬಿಡಲಿಲ್ಲ, ಪಟ್ಟದ ಬೊಂಬೆಗಳೆಲ್ಲ ಗಂಡಹೆಂಡಿರು, ಅವರ ಪಕ್ಕ ಒಂಟಿ ಗಂಡಸು ಸಲ್ಲದು ಎಂದು ಹೆಣ್ಣು ಬೊಂಬೆಯೊಂದನ್ನು ಹುಡುಕಿ ತೆಗೆದು, ಅಲ್ಲೇ ಅವನ ಮದುವೆಯನ್ನೂ ಮುಗಿಸಿಬಿಟ್ಟರು. ಅಕ್ಷತೆ ಹಾಕಿದವಳು ನಾನು.

ಬೊಂಬೆ ಬಾಗಿನದ ತಿಂಡಿಗೆ ಬಂದ ಮಕ್ಕಳು ರಾಜ ರಾಣಿಯರನ್ನು ಬಿಟ್ಟು ಇವನೆದುರೇ ಕೂತರು. ನಾನು ನಿನ್ನ ಕಥೆಗಳನ್ನು ಹೇಳಿದೆ. ದಿನದಿನಕ್ಕೂ ಜನ ಹೆಚ್ಚಿದರು. ಆರತಿಯಲ್ಲಿ ಅವನಿಗೂ ಪಾಲು ಸಿಕ್ಕಿತು. ವಿಜಯದಶಮಿಯ ದಿನ ಪಕ್ಕದ ಮನೆಯ ಲಕ್ಷ್ಮಮ್ಮ ಕೇಳಿದರು: "ಇದನ್ನೆಲ್ಲ ಕಟ್ಟಿದೋರು ಯಾರೇ ಮಗು?"

"ನಾನೇ."

ಬಾಗಿಲಲ್ಲಿ ನೀನಿದ್ದೆ — ಅರಿಸಿನ ಕುಂಕುಮಕ್ಕೆಂದು ನಿನ್ನಮ್ಮನ ಜೊತೆ ರೈಲಿನಲ್ಲಿ ಬಂದು ಆಗಷ್ಟೇ ಹೊಸ್ತಿಲ ಮೇಲೆ ನಿಂತಿದ್ದೆ. ನನ್ನನ್ನು ನೋಡಲಿಲ್ಲ. ಬೊಂಬೆಯನ್ನು ನೋಡಿದೆ.

"ಪಂಚೆ ಯಾಕೆ ಉಡಿಸಿದ್ರಿ? ಹಾರೋವಾಗ ಕಾಲಿಗೆ ಸಿಕ್ಕೊಳ್ಳುತ್ತೆ."

ಎಲ್ಲರೂ ನಕ್ಕರು. "ಈ ಹುಡುಗಿಗೆ ಹೇಗೆ ಗೊತ್ತು?" ಎಂದರು ಲಕ್ಷ್ಮಮ್ಮ. ಆಗಲಾದರೂ — ಒಂದೇ ಮಾತು ಸಾಕಿತ್ತು. "ನಾನೇ ಹೇಳಿಕೊಟ್ಟಿದ್ದು" ಎಂದೆ ನಾನು.

ಸಂಜೆ ಎಲ್ಲರೂ ಒಟ್ಟಿಗೇ ಭದ್ರಾವತಿಯ ರೈಲು ಹತ್ತಿದೆವು. ರೈಲು ಮಲವಗೊಪ್ಪ ದಾಟಿತು. ಆಮೇಲೆ, ಕಿಟಕಿಯ ಕಡೆ ತಿರುಗಿಕೊಂಡೇ, "ಅವನ ಹೆಂಡತಿಗೆ ಹಾರೋಕೆ ಬರುತ್ತಾ?" ಎಂದೆ ನೀನು.

"ಗೊತ್ತಿಲ್ಲ."

"ಬರುತ್ತೆ ಮಾರಾಯ್ತಿ. ಅವನು ಪಂಚೆ ಸರಿಮಾಡ್ಕೊಳ್ಳೋಷ್ಟರಲ್ಲಿ ಅವಳು ಹಾರಿ, ಕೆಲಸ ಮುಗಿಸಿ, ಮನೆಗೆ ಬಂದು ಅನ್ನಕ್ಕೆ ಇಟ್ಟಿರ್ತಾಳೆ."

ನಾವು ನಕ್ಕ ನಗೆಗೆ ಎದುರು ಸೀಟಿನಲ್ಲಿ ತೂಕಡಿಸುತ್ತಿದ್ದ ಮುದುಕರು ಬೆಚ್ಚಿ ಎದ್ದರು. ನಗು ನಿಂತ ಮೇಲೆ ನೀನು ಹೇಳಿದೆ: "ಅವನನ್ನ ಯಾರು ಬೇಕಾದ್ರೂ ಇಟ್ಕೊಳ್ಳಲಿ ಸುಬ್ಬಿ. ಪಂಚೆ ಉಡಿಸಲಿ, ಮದುವೆ ಮಾಡಲಿ. ಯಾರು ಕಟ್ಟಿದ್ದು ಅಂತ ಕೇಳಿದ್ರೆ ಮಾತ್ರ ನನ್ನ ಹೆಸರು ಹೇಳ್ತೀಯಾ?"

"ಹೇಳ್ತೀನಿ" ಎಂದೆ.

ಮುಂದಿನ ದಸರಾಕ್ಕೆ ಮುಂಚೆ ನೀವು ಮನೆಯವರೆಲ್ಲ ಸೇಲಂ ಕಡೆಗೆ ಹೊರಟುಹೋದಿರಿ. ಅವನು ಮಾತ್ರ ಶಿವಮೊಗ್ಗವೆಲ್ಲ ಹಬ್ಬಿದ, ಮೀನಾಕ್ಷಿ — ನೀನು ನೋಡಬೇಕಿತ್ತು. ಒಂದು ಮನೆಯಲ್ಲಿ ಅವನಿಗೆ ಮೀಸೆ, ಇನ್ನೊಂದರಲ್ಲಿ ಜರಿ ಪೇಟ. ಗರಡಿಮನೆಯ ಗೋಡೆಯ ಮೇಲೆ ಗದೆ ಹಿಡಿದ. ಸೋಡಾ ಅಂಗಡಿಯ ಹಲಗೆಯಲ್ಲಿ ಕಾದ ಕಬ್ಬಿಣದ ಬದಲು ತಣ್ಣನೆಯ ಸೀಸೆ ಎತ್ತಿ ಹಿಡಿದ. ಹೆಂಡತಿಯನ್ನು ನಾನೇ ತೊಲೆಗೆ ದಾರ ಕಟ್ಟಿ, ಅವನಿಗಿಂತ ಒಂದು ಗೇಣು ಮೇಲೆ ಹಾರಿಸಿದೆ. ನೋಡಿದವರೆಲ್ಲ ನಕ್ಕರು, ಬೆನ್ನು ತಟ್ಟಿದರು, ಕೇಳಿದರು — ಯಾರು ಕಟ್ಟಿದ್ದು?

ನಾನೇ ಎಂದೆ. ಯಾರ ಹೆದರಿಕೆಯೂ ಇರಲಿಲ್ಲ. ಆ ಮಾತು ಬಾಯಿಗೆ ಸಿಹಿಯಾಗಿತ್ತು, ಅಷ್ಟೇ. ಆಮೇಲೆ ಪ್ರತಿ ದಸರಾದಲ್ಲೂ ಅದನ್ನೇ ಹೇಳಿದೆ, ಪ್ರತಿ ಸಲವೂ ಸಂತೋಷಪಟ್ಟೆ. ಒಪ್ಪಿಕೊಳ್ಳಲು ಕಷ್ಟವಾಗುವುದು ಆ ಸಂತೋಷವನ್ನೇ.

ಈ ಸಲ ಬೊಂಬೆ ಕೂರಿಸಿದ ಮೊದಲ ದಿನವೇ, ಮಕ್ಕಳ ಎದುರು, ಅವರ ಅಜ್ಜಿಯರ ಎದುರು, ಎದ್ದು ನಿಂತು ಎಲ್ಲವನ್ನೂ ಹೇಳಿದೆ — ಲಕ್ಷ್ಮಮ್ಮ ಕೇಳಿದ್ದು, ಅಂದು ನಾನು ಎರಡು ಸಲ ಸುಳ್ಳಾಡಿದ್ದು, ರೈಲಿನಲ್ಲಿ ಕೊಟ್ಟ ಮಾತು. ಒಬ್ಬಳು ಪುಟ್ಟಿ ಕೇಳಿದಳು, "ಅವರು ಈಗ ಎಲ್ಲಿದಾರೆ?" ಗೊತ್ತಿಲ್ಲ ಎಂದೆ. ಹೇಳಬೇಕಾಗಿದ್ದು ನೀನು ಬಾಗಿಲಲ್ಲಿ ನಿಂತಿದ್ದಾಗ. ಅದಕ್ಕೆ ಇದು ಸಮವಲ್ಲ, ಬಲ್ಲೆ.

ಮರುದಿನ ಅದೇ ಮಕ್ಕಳು ಚಪ್ಪಲಿ ಕಳಚುವ ಮೊದಲೇ ಕೂಗಿಕೊಂಡು ಬಂದರು: "ಅಜ್ಜಿ, ಮೀನಾಕ್ಷಿ ಕಟ್ಟಿದ್ದು ಇನ್ನೊಂದು ಹೇಳಿ."

ಹೇಳಿದೆ.